ಮಾವನ ಕಾರಿನ ಎಂಜಿನ್

ಅಪ್ಪ ಬಿಟ್ಟುಹೋದ ಹಳೆಯ ಸ್ಪೋರ್ಟ್ಸ್ ಕಾರು ಹೆಸರಿಗೆ ಮಗಳದು. ಅದರ ಎಂಜಿನ್ ಬಿಚ್ಚಿ ಹೊಸದಾಗಿ ಕಟ್ಟುವ ಕೆಲಸ ಮಾತ್ರ ಅಳಿಯ ದೇವರದು. ಮೂವತ್ತು ವರ್ಷ ವಿಮಾ ಕಚೇರಿಯಲ್ಲಿ ಕಡತ ಕಟ್ಟಿದವರಿಗೆ ಎಂಜಿನ್ ಕಟ್ಟುವುದು ಯಾವ ಮಹಾ? ಅದೂ ನೀರು ಬೇಡದೆ ಬರೀ ಗಾಳಿಯಲ್ಲೇ ತಣ್ಣಗಾಗುವ ಎಂಜಿನ್. ಗಾಳಿಗೇನು ಆ ಮನೆಯಲ್ಲಿ ಬರವಿರಲಿಲ್ಲ. ಯಜಮಾನರ ಬಾಯಿ ಒಂದೇ ಸಾಕಿತ್ತು.

ಹೆಂಡತಿಗೆ ಒಪ್ಪಿಸಿದ್ದು ತೊಳೆಯುವ ಕೆಲಸ. ಏಳು ತಿಂಗಳು ಆಕೆ ಒಂದೊಂದು ಭಾಗವನ್ನೂ ಸೀಮೆಎಣ್ಣೆಯಲ್ಲಿ ಉಜ್ಜಿ, ಯಾವುದು ಎಲ್ಲಿಗೆ ಸೇರುವುದೆಂದು ಅಪ್ಪನ ಕೈಪಿಡಿಯಲ್ಲಿ ನೋಡಿಕೊಂಡು, ಊಟದ ಮೇಜಿನ ಮೇಲೆ ಸಾಲಾಗಿ ಜೋಡಿಸಿದಳು. ಊಟ ತೊಡೆಯ ಮೇಲೆ ನಡೆಯಿತು. ಸ್ಪಾನರ್ ಮುಟ್ಟಿದರೆ ಮಾತ್ರ, "ಅದೆಲ್ಲ ನಿಂಗೆ ತಿಳಿಯಲ್ಲ ಕಣೇ." ಆಕೆಯ ಭಯ ಒಂದೇ: ಈ ಎಂಜಿನ್ನಿನ ಕವಚವನ್ನು ಈಗ ಎಲ್ಲೂ ಎರಕ ಹೊಯ್ಯುವುದಿಲ್ಲ. ಅದು ಹಾಳಾದರೆ ಅಪ್ಪನ ಕಾರು ಗುಜರಿಗೆ.

ಭಾನುವಾರ ಬೆಳಿಗ್ಗೆ ಯಜಮಾನರು ಕವಚದ ಎರಡು ಹೋಳುಗಳ ಅಂಚಿಗೆ ಅಂಟು ಬಳಿದು, ಕೂಡಿಸಿ, ಬೋಲ್ಟು ಬಿಗಿದರು. ಗಂಟೆಯೊಳಗೆ ಅಂಟು ಗಟ್ಟಿಯಾಗುತ್ತದೆ. ಆಮೇಲೆ ಬಿಡಿಸಹೋದರೆ ಅಂಚೇ ಕಿತ್ತು ಬರಬಹುದು. ಕೋಟೆ ಗೆದ್ದವರಂತೆ ನಿಂತು, "ಒಂದು ಫೋಟೋ ತೆಗಿಯೇ," ಎಂದರು.

ಆಕೆಯ ಕಣ್ಣು ಮೇಜಿನ ಮೇಲಿತ್ತು. ಬೆರಳುದ್ದದ ಉಕ್ಕಿನ ಕಡ್ಡಿಯೊಂದು ಅಲ್ಲಿ ಹಾಯಾಗಿ ಮಲಗಿತ್ತು.

"ರೀ, ಆಯಿಲ್ ಪಂಪ್ ತಿರುಗಿಸೋ ಕಡ್ಡಿ ಇಲ್ಲೇ ಇದೆಯಲ್ಲ?"

"ಅದು ಎಕ್ಸ್‌ಟ್ರಾ ಇರ್ಬೇಕು."

"ನಮ್ಮಪ್ಪನ ಕಾರಿಗೆ ಎಕ್ಸ್‌ಟ್ರಾ ಅಂತ ಇದ್ದಿದ್ದು ಅಳಿಯ ಒಬ್ರೇ."

"ಅದಿಲ್ದಿದ್ರೂ ಓಡತ್ತೆ ಬಿಡು."

"ಓಡತ್ತೆ, ಗೇಟಿನ ತನಕ. ಎಣ್ಣೆ ಹರಿಯದೆ ಒಳಗೆಲ್ಲ ಕಚ್ಕೊಂಡು ನಿಲ್ಲತ್ತೆ. ಬಿಚ್ಚಿ."

ಯಜಮಾನರು ಗಡಿಯಾರ ನೋಡಿದರು. "ನಾಳೆ ವಿಚಾರ ಮಾಡೋಣ." ಕಚೇರಿಯಲ್ಲಿ ಈ ಮಾತಿಗೆ ಯಾವ ಕಡತವೂ ಎದುರಾಡಿರಲಿಲ್ಲ.

ಆಕೆ ಎದುರಾಡಲಿಲ್ಲ. ಸ್ಪಾನರ್ ಎತ್ತಿಕೊಂಡು ತುದಿಯ ಬೋಲ್ಟಿಗೆ ಹಾಕಿದಳು.

"ಏಯ್, ಅಲ್ಲಿಂದಲ್ಲ ಕಣೇ!"

"ಅಲ್ಲಿಂದ್ಲೇ. ಕೈಪಿಡೀಲಿ ಬರೆದಿದೆ. ಓದಿದ್ರೆ ಕಾಣಿಸ್ತಿತ್ತು."

ಕೊನೆಯ ಬೋಲ್ಟು ಕಳಚಿ ಮೆಲ್ಲಗೆ ಎತ್ತಿದಾಗ ಅಂಟು ಇನ್ನೂ ನೂಲುನೂಲಾಗಿ ಏಳುತ್ತಿತ್ತು. ಆಕೆ ಅಂಚಿನ ಸುತ್ತ ಬೆರಳಾಡಿಸಿದಳು. ಒಂದು ಗೀರೂ ಬಿದ್ದಿರಲಿಲ್ಲ. ಹಳೆಯ ಅಂಟನ್ನು ಒರೆಸಿ ತೆಗೆದಳು. ಕಡ್ಡಿ ಸೇರಿಸಿ, ಹೊಸ ಅಂಟು ಬಳಿದು, ತಾನೇ ಬಿಗಿದಳು.

ಸಂಜೆ ಯಜಮಾನರು ತಮ್ಮನಿಗೆ ಫೋನಿನಲ್ಲಿ ಹೇಳುತ್ತಿದ್ದರು: "ಮುಚ್ಚಿದ್ಮೇಲೂ ಇನ್ನೊಂದ್ಸಲ ಬಿಚ್ಚಿ ನೋಡ್ದೆ ಕಣೋ. ಪರೀಕ್ಷೆ ಮಾಡ್ದೆ ನಾನು ಯಾವ್ದನ್ನೂ ಬಿಡೋನಲ್ಲ."

ತಿದ್ದಲು ಆಕೆಗೆ ಪುರುಸೊತ್ತಿರಲಿಲ್ಲ. ಮೊದಲನೆಯ ಪಿಸ್ಟನ್ ಕೂರಿಸುತ್ತಿದ್ದಳು.