ನಲವತ್ತೇಳನೇ ನಂಬರು

"ನಿನ್ ಆಪ್ ಇವತ್ತೂ ನಿಂತೋಯ್ತು ಕಣಮ್ಮ ನವ್ಯ. ಅದೇ ನಲವತ್ತೇಳು ಒತ್ತಿದ್ ಕೂಡ್ಲೆ," ಎಂದರು ಫೋನಿನಲ್ಲಿ ಊರಿನ ಡೇರಿ ಸೆಕ್ರೆಟರಿ ಶ್ರೀನಿವಾಸಪ್ಪ. ಹಿಂದೆ ಕ್ಯಾನುಗಳ ಸದ್ದು ಕೇಳುತ್ತಿತ್ತು. "ಎಸ್ರು ಬರ್ನಿಲ್ಲ ಅಂದ್ರೆ ನಾಳೆಯಿಂದ ನಿಮ್ಮವ್ವನ ಆಲು ನಾನ್ ಆಕಿಸ್ಕೊಳಂಗಿಲ್ಲ."

ನಲವತ್ತೇಳು ನವ್ಯಳ ಮನೆಯದೇ ನಂಬರು. ಅಪ್ಪ ಆಂಜಿನಪ್ಪ ಸತ್ತು ತಿಂಗಳಾಗಿತ್ತು. ಸೂತಕ ಕಳೆದ ಮೇಲೆ ಅಮ್ಮ ಮತ್ತೆ ಹಾಲು ಒಯ್ಯತೊಡಗಿದ್ದಳು. ಮೊನ್ನೆ ಶ್ರೀನಿವಾಸಪ್ಪ ಆ ನಂಬರಿನ ಮುಂದಿದ್ದ ಅಪ್ಪನ ಹೆಸರನ್ನು ಪಟ್ಟಿಯಿಂದ ತೆಗೆದಿದ್ದರು.

ರಾಬರ್ಟ್‌ಸನ್‌ಪೇಟೆಯ ಬಟ್ಟೆ ಅಂಗಡಿಯ ಮೇಲಿನ ಪುಟ್ಟ ಕಚೇರಿಯಲ್ಲಿ ಅವಳು ಡೇರಿಗೆಂದು ತಾನೇ ಬರೆದುಕೊಟ್ಟಿದ್ದ ಹಾಲಿನ ಲೆಕ್ಕದ ಆಪ್‌ನ ಕೋಡ್ ತೆರೆದಳು. ನಂಬರು ಕೊಟ್ಟರೆ ಹೆಸರು ತರುವ ಸಾಲು. ಹೆಸರು ಇಲ್ಲದಿರಬಹುದು ಎಂದು ಕೋಡಿನ ತಪ್ಪು ಹಿಡಿಯುವ ಕಂಪೈಲರ್ ಬರೆದ ದಿನವೇ ಎಚ್ಚರಿಸಿತ್ತು. ಅವಳು ಕೊನೆಯಲ್ಲೊಂದು ಆಶ್ಚರ್ಯಸೂಚಕ ಚಿಹ್ನೆ ಹಾಕಿ ಅದರ ಬಾಯಿ ಮುಚ್ಚಿಸಿದ್ದಳು. ಹೆಸರು ಇದ್ದೇ ಇರುತ್ತದೆ, ನಾನು ಹೊಣೆ ಎಂದು ಆ ಚಿಹ್ನೆಯ ಅರ್ಥ. ಆಗ ಅಪ್ಪ ಇದ್ದ. ಈಗಲಾದರೂ ಅಳು ಬರಬಹುದೆಂದು ಕಾದಳು, ಬರಲಿಲ್ಲ. ಜೋಮು ಹಿಡಿದ ಕಾಲನ್ನು ಮುಟ್ಟಿಕೊಂಡಂತಿತ್ತು.

"ಇಲ್ದಿದ್ರೆ ಖಾಲಿ ಹೆಸರು ತಗೊ ಅಂತ ಹಾಕ್ಬಿಡು," ಎಂದ ಪಕ್ಕದ ಮೇಜಿನ ಸುಧಾಕರ್. "ನಿಲ್ಲೋದಿಲ್ಲ. ಯಾರೂ ನೋಡೋದೂ ಇಲ್ಲ."

ನಿಲ್ಲುವುದಿಲ್ಲ, ನಿಜ. ಅಮ್ಮನ ಹಾಲು ಯಾರದೂ ಅಲ್ಲದೆ ದೊಡ್ಡ ಕ್ಯಾನಿಗೆ ಸೇರಿಹೋಗುತ್ತದೆ. ನವ್ಯ ಚಿಹ್ನೆ ಅಳಿಸಿದಳು. ಹೆಸರಿದ್ದರೆ ಮುಂದೆ ಹೋಗು. ಇಲ್ಲದಿದ್ದರೆ ಕೇಳು, ಹೇಳಿದ್ದನ್ನು ಅದೇ ನಂಬರಿಗೆ ಬರೆದಿಟ್ಟುಕೋ. ನಾಲ್ಕೇ ಸಾಲಿನ ಕೆಲಸ. ತಿದ್ದಿದ ಆಪನ್ನು ಡೇರಿಗೆ ಕಳಿಸಿದಳು.

ಸಂಜೆ ಬಂಗಾರಪೇಟೆ ದಾರಿಯ ತನ್ನೂರಿನಲ್ಲಿ ಬಸ್ಸಿಳಿದು ನೇರ ಡೇರಿಗೆ ಹೋದಳು. ಅಮ್ಮನ ಸರದಿ ಬಂದಿತ್ತು. ಪರದೆಯ ಮೇಲೆ ಪ್ರಶ್ನೆ ಮೂಡಿತು.

"ಯಾರ ಆಲು ಅಂತ ಕೇಳ್ತೈತೆ. ಯೋಳಮ್ಮ," ಎಂದರು ಶ್ರೀನಿವಾಸಪ್ಪ.

"ಅವ್ರ್ದು."

"ಅಂಗಂದ್ರೆ ಆಗಲ್ಲ. ಎಸ್ರು ಬೇಕಂತೆ."

ಮದುವೆಯಾದ ಮೂವತ್ತು ವರ್ಷದಲ್ಲಿ ಅಮ್ಮ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ಸೆರಗಿನ ತುದಿ ಹಿಡಿದು ನಿಂತಳು. ಹಿಂದಿನವರು ಕಾದರು. ನವ್ಯ ತಾನೇ ಹೇಳಿಬಿಡಬಹುದಿತ್ತು, ಹೇಳಲಿಲ್ಲ.

"ನನ್ ಎಸ್ರೇ ಬರ್ಕೊಳಣ್ಣ," ಎಂದಳು ಅಮ್ಮ ಕೊನೆಗೆ. "ಮುನಿರತ್ನಮ್ಮ."

ಚೀಟಿ ಹೊರಬಂತು. ಅಮ್ಮ ಅದನ್ನು ಓದದೆ ಮಡಚಿಟ್ಟುಕೊಂಡಳು.

ಮರುದಿನ ಬೆಳಿಗ್ಗೆ ನವ್ಯ ಮತ್ತೆ ಜೊತೆಗೆ ಹೋದಳು. ಆಪ್ ಎಲ್ಲಿಯೂ ನಿಲ್ಲಲಿಲ್ಲ. ನಲವತ್ತೇಳು ಒತ್ತಿದೊಡನೆ ಅಮ್ಮನ ಹೆಸರು ಬಂತು. ಶ್ರೀನಿವಾಸಪ್ಪ ಪರದೆ ನೋಡದೆ, ಇಪ್ಪತ್ತು ವರ್ಷದ ರೂಢಿಯಲ್ಲಿ ಕೂಗಿದರು.

"ಆಂಜಿನಪ್ಪಾ!"

ಕೂಗಿದ ಮೇಲೆ ಪರದೆ ನೋಡಿ ಶ್ರೀನಿವಾಸಪ್ಪ ತಲೆ ತಗ್ಗಿಸಿದರು.

"ಬಂದೆ," ಎಂದಳು ಅಮ್ಮ, ಕ್ಯಾನು ಎತ್ತಿಕೊಂಡು.