ಲೋವಿಸಾ ಕೋರ್ಟಿಗೆ ಹೋಗಬೇಕಾ, ಬೇಡವಾ?

ನಾಲ್ಕು ವರ್ಷಕ್ಕೊಮ್ಮೆ ಆಗಸ್ಟ್ ಬಂತೆಂದರೆ ನಮ್ಮ ಪೇಟೆಯ ಚೌಕದ ತುಂಬ ಚುನಾವಣೆಯ ಪ್ರಚಾರಕ್ಕೆಂದು ರಾಜಕೀಯ ಪಕ್ಷಗಳ ಮರದ ಗೂಡುಗಳು ಏಳುತ್ತವೆ. ಅಲ್ಲಿ ಕಾಫಿ ಪುಕ್ಕಟೆ, ಏಲಕ್ಕಿ ಬನ್ನು ಪುಕ್ಕಟೆ. ಬುದ್ಧಿಮಾತಂತೂ ಕೇಳದಿದ್ದರೂ ಪುಕ್ಕಟೆ. ಈ ಸಲ ಇಡೀ ಸ್ವೀಡನ್ನಿನಲ್ಲಿ ಎಲ್ಲ ಗೂಡುಗಳಲ್ಲೂ ಒಂದೇ ಮಾತು, ಅತ್ಯಾಚಾರಿಗಳಿಗೆ ಎಷ್ಟು ಶಿಕ್ಷೆ ಎಂಬುದು. ಒಬ್ಬರು ಎಂಟು ವರ್ಷ ಅಂದರೆ ಪಕ್ಕದವರು ಹನ್ನೆರಡು ಅನ್ನುತ್ತಿದ್ದರು, ಹರಾಜು ಕೂಗುವ ಹಾಗೆ.

ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿದಿತ್ತು. ಯಾಕೆಂದರೆ ಅವರು ಕೂಗುತ್ತಿದ್ದ ವಿಷಯ ನನ್ನ ಮನೆಯೊಳಗೇ ಇತ್ತು. ನನ್ನ ಮಗಳು ಲೋವಿಸಾಗೆ ಈಗ ಹತ್ತೊಂಬತ್ತು. ಹೋದ ವರ್ಷ ಜೂನ್ ತಿಂಗಳ ನಡುಬೇಸಿಗೆ ಹಬ್ಬದ ದಿನ ಪರಿಚಯದ ಹುಡುಗನೊಬ್ಬ ಅವಳ ಮೇಲೆ ಅತ್ಯಾಚಾರ ಮಾಡಿದ. ದೂರು ಕೊಟ್ಟೆವು. ಹದಿನಾಲ್ಕು ತಿಂಗಳು ಕಾದೆವು. ಕೊನೆಗೆ ಸೆಪ್ಟೆಂಬರ್ ಎಂಟಕ್ಕೆ ವಿಚಾರಣೆ ಎಂದು ಕಾಗದ ಬಂತು. ಮತದಾನಕ್ಕೆ ಬರೀ ಐದು ದಿನ ಮುಂಚೆ!

ಕಾಗದ ಬಂದ ದಿನವೇ ಚೌಕಕ್ಕೆ ಹೋದೆ. ಹೋಕನ್ ಎಂಬಾತ ತನ್ನ ಪಕ್ಷದ ಗೂಡಿನಲ್ಲಿ ನಿಂತಿದ್ದ.

"ಹೋಕನ್ ಅವ್ರೇ, ಒಬ್ಳು ಹುಡುಗಿ ದೂರು ಕೊಟ್ಟು..."

"ಹನ್ನೆರಡು ವರ್ಷ! ಒಳಗೆ ಹಾಕ್ತೀವಿ!"

"ಅದಲ್ಲ, ಕೋರ್ಟಲ್ಲಿ ಅವಳು ಹೇಗೆ..."

"ಬನ್ನು ತಗೊಳ್ಳಿ. ನಮ್ಮನ್ನ ಗೆಲ್ಸಿ, ಆಮೇಲೆ ನೋಡಿ."

ನಾಲ್ಕು ಸಲ ಬಾಯಿ ತೆರೆದೆ. ನಾಲ್ಕು ಸಲವೂ ಆತನದೇ ಭಾಷಣ. ಬನ್ನಿನ ಜೊತೆ ಕೊಟ್ಟ ಕರಪತ್ರವನ್ನು ದಾರಿಯಲ್ಲಿ ಓದಿದರೆ, ಆತ ಎಂಟು ವರ್ಷದಿಂದ ಜಿಲ್ಲಾ ಕೋರ್ಟಿನಲ್ಲಿ ಪಂಚನಂತೆ. ನ್ಯಾಯಾಧೀಶರ ಪಕ್ಕದಲ್ಲಿ ಕೂತು, ತಪ್ಪಿತಸ್ಥ ಹೌದೋ ಅಲ್ಲವೋ ಎಂದು ಮತ ಕೊಡುವ ಸಾಮಾನ್ಯ ಜನರಲ್ಲಿ ಒಬ್ಬ. ಇಂಥವನ ಮುಂದೆಯಾ ನನ್ನ ಮಗಳು ಹೋಗಿ ಹೇಳಬೇಕು?

ನಮ್ಮ ಕಟ್ಟಡದ ಬಟ್ಟೆ ಒಗೆಯುವ ಕೋಣೆಯಲ್ಲಿ ಗುನ್ವೋರ್ ಸಿಕ್ಕಳು. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತಳಾದವಳು, ಮೂರನೇ ಮಹಡಿಯವಳು. ಅವಳೂ ಅದೇ ಕೋರ್ಟಿನ ಪಂಚರಲ್ಲೊಬ್ಬಳು, ಹೋಕನ್‌ನ ಎದುರು ಪಕ್ಷದ ಕಡೆಯಿಂದ.

"ಅಲ್ಲ ಕಣೇ ಗುನ್ವೋರ್, ನಿಮ್ಮನ್ನೆಲ್ಲ ಅಲ್ಲಿ ಕೂರ್ಸಿದ್ದು ಪಕ್ಷದವರೇ ತಾನೆ?"

"ಹೂಂ. ಪಕ್ಷ ಹೆಸರು ಕೊಡುತ್ತೆ, ಪುರಸಭೆ ಆರಿಸುತ್ತೆ. ಅದಕ್ಕೇನೀಗ?"

"ಅದಕ್ಕೇನೀಗ ಅಂತೀಯಲ್ಲೇ! ನನ್ನ ಮಗಳು ಹೋಗಿ ರಾಜಕಾರಣಿಗಳ ಮುಂದೆ ಅಳ್ಬೇಕಾ? ಅವ್ರು ನ್ಯಾಯ ನೋಡ್ತಾರೋ, ಓಟು ಎಣಿಸ್ತಾರೋ?"

ಅವಳು ಹಾಸಿಗೆ ವಸ್ತ್ರದ ಒಂದು ತುದಿ ನನ್ನ ಕೈಗೆ ಕೊಟ್ಟಳು. ಇಬ್ಬರೂ ಮಡಿಸತೊಡಗಿದೆವು.

"ನೋಡು, ಒಬ್ರು ನ್ಯಾಯಾಧೀಶರು, ಮೂವರು ಪಂಚರು. ಪ್ರಮಾಣ ಮಾಡಿದ ಮೇಲೆ ಹೀಗೇ ತೀರ್ಪು ಕೊಡು ಅಂತ ಪಕ್ಷ ಹೇಳೋ ಹಾಗಿಲ್ಲ. ಹೇಳಿದ್ರೂ ನಾವು ಕೇಳೋ ಹಾಗಿಲ್ಲ."

"ಎಲ್ರೂ ಹಾಗೇ ನಡ್ಕೋತಾರಾ?"

ಗುನ್ವೋರ್ ಮಡಿಸಿದ ವಸ್ತ್ರವನ್ನು ಬುಟ್ಟಿಗೆ ಹಾಕಿದಳು.

"ಎಲ್ಲರ ಜವಾಬ್ದಾರಿ ನಾನು ಹೇಗೆ ತಗೊಳ್ಳಲಿ? ಎಡವಿದವ್ರೂ ಇದ್ದಾರೆ. ಅದಕ್ಕೇ ಮೇಲಿನ ಕೋರ್ಟು ಇರೋದು."

ಹಾಳಾಗಿ ಹೋಗಲಿ, ಸುಳ್ಳು ಹೇಳಿದ್ದರೂ ನೆಮ್ಮದಿಯಾಗಿರುತ್ತಿತ್ತು! ಅವಳ ನಿಜ ಕೇಳಿ ನನ್ನ ತಲೆ ಇನ್ನಷ್ಟು ಕಲಸುಮೇಲೋಗರವಾಯಿತು.

"ಹಾಗಾದ್ರೆ ಹೋಗ್ಬೇಕಾ, ಬೇಡ್ವಾ? ಅದನ್ನಾದ್ರೂ ಹೇಳು."

"ನನ್ನನ್ಯಾಕೆ ಕೇಳ್ತೀಯಾ? ಲೋವಿಸಾನ ಕೇಳಿದ್ಯಾ? ಕೋರ್ಟಿಂದ ಕರೆ ಬಂದ ಮೇಲೆ ಸುಮ್ನೆ ಮನೇಲಿ ಕೂರೋ ಹಾಗೂ ಇಲ್ಲ. ಭಯ ಆದ್ರೆ ಸರ್ಕಾರ ಕೊಟ್ಟಿರೋ ವಕೀಲೆಗೆ ಫೋನ್ ಮಾಡ್ಲಿ. ಬಾಗಿಲು ಹಾಕ್ಕೊಂಡು ವಿಚಾರಣೆ ಮಾಡಿ ಅಂತ ಕೇಳ್ಬಹುದು. ಆ ಹುಡುಗನ ಮುಖ ಕಾಣದ ಹಾಗೆ ಬೇರೆ ಕೋಣೆಲಿ ಕಾಯ್ಬಹುದು. ಅದಕ್ಕೂ ಮುಂಚೆ ಒಂದು ದಿನ ಇಬ್ರೂ ಹೋಗಿ ಬೇರೆ ಯಾರದಾದ್ರೂ ಕೇಸು ನೋಡ್ಕೊಂಡು ಬನ್ನಿ. ಹಿಂದಿನ ಬೆಂಚಲ್ಲಿ ಯಾರು ಬೇಕಾದ್ರೂ ಕೂರ್ಬಹುದು, ಹೆಸರೂ ಕೇಳಲ್ಲ."

ನಿಜ ಹೇಳಬೇಕೆಂದರೆ ನಾನು ಲೋವಿಸಾಳನ್ನು ಕೇಳಿಯೇ ಇರಲಿಲ್ಲ. ಊರೆಲ್ಲ ಸುತ್ತಿ ಬಂದಿದ್ದೆ, ಅವಳ ಕೋಣೆಯ ಬಾಗಿಲು ಮಾತ್ರ ತಟ್ಟಿರಲಿಲ್ಲ. ಅವತ್ತು ಸಂಜೆ ತಟ್ಟಿದೆ. "ಗೊತ್ತಿಲ್ಲಮ್ಮ. ನೋಡ್ಕೊಂಡು ಬರೋಣ" ಅಂದಳು.

ಗುರುವಾರ ಶಾಲೆಯ ಅಡುಗೆಮನೆ ಕೆಲಸಕ್ಕೆ ರಜೆ ಹಾಕಿ ಅವಳ ಜೊತೆ ಹೋದೆ. ಆ ದಿನದ್ದು ಒಬ್ಬ ಟ್ಯಾಕ್ಸಿ ಚಾಲಕನ ಕೇಸು, ಪ್ರಯಾಣಿಕನೊಬ್ಬ ಅವನ ದವಡೆ ಒಡೆದಿದ್ದ. ಮುಂದೆ ನೋಡುತ್ತೇನೆ, ಪಂಚರ ಸಾಲಿನಲ್ಲಿ ಹೋಕನ್! ನಾನು ಎದ್ದೇಬಿಟ್ಟೆ. ಲೋವಿಸಾ ತೋಳು ಹಿಡಿದು ಕೂರಿಸಿದಳು.

ಚಾಲಕ ಮಾತು ಶುರು ಮಾಡಿದ. ಹೊಡೆತದ ಜಾಗಕ್ಕೆ ಬಂದಾಗ ಮಾತು ಬಿಟ್ಟು ನೀರಿನ ಲೋಟ ಎತ್ತಿಕೊಂಡ. ಪೂರಾ ಒಂದು ನಿಮಿಷ ಎಲ್ಲರೂ ಅವನಿಗಾಗಿ ಕಾದರು. ಎದುರು ವಕೀಲ, "ಪೊಲೀಸರಿಗೆ ನೀವು ಬೇರೇನೇ ಹೇಳಿದ್ರಲ್ಲ?" ಎಂದು ಬಾಯಿ ಹಾಕಿದ. ನ್ಯಾಯಾಧೀಶೆ ಕೈ ಎತ್ತಿ, "ಮೊದ್ಲು ಅವ್ರು ಹೇಳಿ ಮುಗಿಸ್ಲಿ, ನಿಮ್ಮ ಸರದಿ ಆಮೇಲೆ" ಅಂದರು. ಆಮೇಲೆ ವಕೀಲ ಕಟುವಾಗಿಯೇ ಕೇಳಿದ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಚಾಲಕ ತನ್ನದನ್ನೆಲ್ಲ ಹೇಳಿ ಆಗಿತ್ತು. ಇನ್ನು ಹೋಕನ್? ಒಂದು ಗಂಟೆ ತುಟಿ ಬಿಚ್ಚದೆ ಕೇಳುತ್ತ, ಬರೆದುಕೊಳ್ಳುತ್ತ ಕೂತಿದ್ದ. ಮನಸ್ಸಿನಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ.

ಹೊರಗೆ ಬಂದ ಮೇಲೂ ನನಗೆ ಸಮಾಧಾನವಿಲ್ಲ.

"ನಿನ್ನ ದಿನಾನೂ ಇವ್ನೇ ಬಂದು ಕೂತ್ರೆ?"

"ನಮ್ಮ ಕೇಸಿನ ವಿಷ್ಯ ನೀನು ಅವ್ರ ಹತ್ರ ಏನಾದ್ರೂ ಹೇಳಿದ್ಯಾ? ಹೇಳಿದ್ರೆ ವಕೀಲರಿಗೆ ತಿಳಿಸ್ಬೇಕು, ಹೋಕನ್ ಬದಲು ಬೇರೆಯವ್ರನ್ನ ಕೂರಿಸ್ತಾರೆ."

"ಹೇಳೋಕೆ ಬಿಟ್ರೆ ತಾನೆ!"

ಲೋವಿಸಾ ನಕ್ಕುಬಿಟ್ಟಳು. ಹದಿನಾಲ್ಕು ತಿಂಗಳ ಮೇಲೆ ಅವಳ ನಗು ಕೇಳಿ ನಾನು ರಸ್ತೆಯಲ್ಲೇ ಅತ್ತೆ.

"ಅಮ್ಮಾ, ಟಿವಿಲಿ, ಚೌಕದಲ್ಲಿ, ಅಡುಗೆಮನೇಲಿ ಎಲ್ರೂ ನನ್ನ ಬಗ್ಗೆನೇ ಮಾತಾಡ್ತಿದ್ದೀರಿ. ನಾನು ಮಾತಾಡಿ ಉಳಿದವ್ರು ಬಾಯಿ ಮುಚ್ಕೊಂಡು ಕೇಳೋ ಜಾಗ ಇದೊಂದೇ. ನಾನು ಹೋಗ್ತೀನಿ."

ಎಂಟನೇ ತಾರೀಕು ಹೋದಳು. ಬಾಗಿಲು ಹಾಕಿಕೊಂಡರು. ನನಗೆ ಹೊರಗೇ ಇರು ಅಂದಳು, ಹೊರಗೇ ಕೂತೆ. ಎರಡು ಗಂಟೆ ಮಾತಾಡಿದಳಂತೆ. ತೀರ್ಪು ಏನಾಯಿತು ಎಂದು ನೀವು ಕೇಳುತ್ತೀರಿ. ಅದು ಅವಳದು, ಬೇಕಾದಾಗ ಅವಳೇ ಹೇಳಲಿ.

ಆಮೇಲೆ ನಾನು ಮತ ಹಾಕುವ ಮೊದಲು ಎಲ್ಲ ಗೂಡುಗಳಿಗೂ ಹೋಗಿ ಒಂದೇ ಪ್ರಶ್ನೆ ಕೇಳಿದೆ: "ದೂರು ಕೊಟ್ಟ ಹುಡುಗಿ ಕೋರ್ಟಿಗಾಗಿ ಎಷ್ಟು ತಿಂಗಳು ಕಾಯ್ಬೇಕು, ಅದನ್ನ ಹೇಗೆ ಕಮ್ಮಿ ಮಾಡ್ತೀರಿ?" ಹೆಚ್ಚಿನವರು ತಬ್ಬಿಬ್ಬಾದರು. ಆಗಲಿ ಬಿಡಿ, ಗೊಂದಲ ನನಗೊಬ್ಬಳಿಗೇ ಯಾಕೆ?

ಓದುವವರೇ, ನಿಮ್ಮ ಮನೆ ಬಾಗಿಲಿಗೂ ಮತ ಕೇಳಿ ಬರುತ್ತಾರೆ. ನೀವೂ ಈ ಪ್ರಶ್ನೆ ಕೇಳಿ. ಕೋರ್ಟೆಂದರೆ ಭಯವಾದರೆ ಒಂದು ದಿನ ಹೋಗಿ ಹಿಂದೆ ಕೂತು ನೋಡಿ. ನಿಮ್ಮ ಮನೆಯ ಹೆಣ್ಣುಮಗಳಿಗೆ ಹೀಗೆ ಆಗಿದ್ದರೆ, ಊರಿನವರನ್ನು ಕೇಳುವ ಮೊದಲು ಅವಳನ್ನು ಕೇಳಿ. ಕೇಳಿದ ಮೇಲೆ ದಯವಿಟ್ಟು ಸುಮ್ಮನಿರಿ, ಅವಳು ಹೇಳಿ ಮುಗಿಸುವ ತನಕ.