ಇನ್ನೂರು ಡಿಗ್ರಿಯ ತಟ್ಟೆ

ಕಲಾಯಿ ಅಂಗಡಿಗೆ ಕಾಲಿಟ್ಟ ಅತ್ತಿಗೆಯ ಕಣ್ಣಿಗೆ ಮೊದಲು ಬಿದ್ದದ್ದು ಮೈದುನನ ಒಲೆ. ಬೆಂಕಿ ಸತ್ತಂತಿತ್ತು, ಆದರೂ ಮೂಸೆಯಲ್ಲಿ ತವರ ನೀರಾಗಿ ನಿಂತಿತ್ತು. ಅವಳಿಗೆ ಅನುಮಾನ ಬಂತು. ಶುದ್ಧ ತವರದ ಹಟ ಅವಳಿಗೆ ಚೆನ್ನಾಗಿ ಗೊತ್ತು. ಇನ್ನೂರ ಮೂವತ್ತೆರಡು ಡಿಗ್ರಿ ಮುಟ್ಟುವ ತನಕ ಜಪ್ಪಯ್ಯ ಎಂದರೂ ಕರಗುವುದಿಲ್ಲ. ಆರುವಾಗಲೂ ಥರ್ಮಾಮೀಟರಿನ ಮುಳ್ಳು ಅಲ್ಲೇ ನಿಂತುಬಿಡುತ್ತದೆ, ಅಷ್ಟೂ ಗಟ್ಟಿಯಾದ ಮೇಲೆಯೇ ಕೆಳಗಿಳಿಯುತ್ತದೆ.

ಮೂಸೆ ಇಳಿಸಿ ಥರ್ಮಾಮೀಟರ್ ಅದ್ದಿದಳು. ಮುಳ್ಳು ಇನ್ನೂರ ಮೂವತ್ತೆರಡರಲ್ಲಿ ನಿಲ್ಲದೆ ಕೆಳಗೆ ಜಾರುತ್ತಲೇ ಹೋಯಿತು. ಲೋಹ ಹಳಸಿದ ಗಂಜಿಯಂತೆ ಲೊಳಲೊಳ ಎನ್ನುತ್ತಿತ್ತು.

"ಸೀಸ ಬೆರೆಸಿದ್ದೀಯಾ?"

ಮೈದುನ ಹಲ್ಲು ಕಿರಿದ. "ಸ್ವಲ್ಪ, ಅತ್ತಿಗೆ. ಬೇಗ ಕರಗುತ್ತೆ, ಇದ್ದಿಲೂ ಉಳಿಯುತ್ತೆ. ಹೊಳಪು ನೋಡಿ, ಒಳ್ಳೆ ಕನ್ನಡಿ ಇದ್ದಂಗಿದೆ!"

ಕಲಾಯಿ ಮುಗಿಸಿ ಗೋಡೆಗೆ ಒರಗಿಸಿದ್ದ ಹಂಡೆಗಳೆಲ್ಲ ಅನಾಥಾಲಯದ ಅಡುಗೆಮನೆಯವು. ಒಯ್ಯಲು ಸಂಜೆ ಗಾಡಿ ಬರುವುದಿತ್ತು. ಅವುಗಳಲ್ಲಿ ಹುಳಿ ಕುದಿಸಿದರೆ ಸೀಸದ ವಿಷ ನೇರ ಆ ಮಕ್ಕಳ ಹೊಟ್ಟೆಗೆ.

"ಪುಟ್ಟ ಮಕ್ಕಳು ಉಣ್ಣೋ ಪಾತ್ರೆ ಕಣೋ ಇದು!"

"ಯಾರದೋ ಮಕ್ಕಳು ಬಿಡಿ, ಅವಕ್ಕೇನು ಗೊತ್ತಾಗುತ್ತೆ? ನಮ್ಮನೆ ಪಾತ್ರೆಗೆ ಬರೀ ಶುದ್ಧ ತವರ ಹಾಕಿದ್ದೀನಿ. ನಾನೇನು ಅಷ್ಟು ದಡ್ಡನಾ?"

ಎದೆಯುಬ್ಬಿಸಿ ಹೇಳಿದ, ಮಹಾರಾಯ! ಅಂದರೆ ವಿಷವೆಂದು ಗೊತ್ತಿದ್ದೇ ಹಚ್ಚಿದ್ದಾನೆ. ಇಷ್ಟು ವರ್ಷ ಇವನ ಪಕ್ಕ ಕೂತು ಉಂಡದ್ದನ್ನು ನೆನೆದು ಅವಳಿಗೆ ಅಸಹ್ಯವಾಯಿತು.

"ಮನೆ ಪಾತ್ರೆಗೆ ತವರ ಕರಗಿಸಿದ್ದು ಯಾವ ಮೂಸೇಲಿ?"

"ಇದರಲ್ಲೇ. ನಮ್ಮ ಹತ್ರ ಇರೋದು ಒಂದೇ ಅಲ್ವಾ?"

"ಒಳಗಿದ್ದದ್ದನ್ನ ಕೆರೆದು ತೆಗೆದ್ಯಾ?"

"ತಳದಲ್ಲಿ ಒಂಚೂರು ಇತ್ತಪ್ಪ, ಅದನ್ಯಾರು ಕೆರೀತಾರೆ..." ಅನ್ನುತ್ತ ಅವನು ಮೂಸೆಯತ್ತ ನೋಡಿದ.

ಅಂಗಡಿಯ ಹಿಂದೆಯೇ ಮನೆ. ಅತ್ತಿಗೆ ಹೋಗಿ, ಮೈದುನನ ಹೆಂಡತಿ ತನ್ನ ಪಾಪುವಿಗೆ ದಿನಾ ಗಂಜಿ ಕಾಯಿಸುವ ಪುಟ್ಟ ಪಾತ್ರೆಯನ್ನು ತಂದಳು. ಕಬ್ಬಿಣದ ತಟ್ಟೆಯೊಂದನ್ನು ಇನ್ನೂರು ಡಿಗ್ರಿಗೆ ಕಾಯಿಸಿದಳು. ಶುದ್ಧ ತವರದ ಗಟ್ಟಿಯಿಂದ ಒಂದು ಚೂರು ಕೆತ್ತಿ ಅದರ ಮೇಲಿಟ್ಟಳು. ಚೂರು ಕಲ್ಲಿನ ಹಾಗೆ ಬಿದ್ದಿತ್ತು, ಮಿಸುಕಲಿಲ್ಲ. ಆಮೇಲೆ ಗಂಜಿ ಪಾತ್ರೆಯ ಕಲಾಯಿಯನ್ನು ಚಾಕುವಿನಿಂದ ಕೆರೆದು ಪಕ್ಕದಲ್ಲಿ ಉದುರಿಸಿದಳು.

ಪುಡಿ ಮೆತ್ತಗಾಯಿತು. ನೋಡನೋಡುತ್ತ ಒಂದಕ್ಕೊಂದು ಅಂಟಿ, ಮಿರಮಿರ ಹೊಳೆಯುತ್ತ ಹರಡಿಕೊಂಡಿತು.

ಮೈದುನನ ಮುಖ ಬಿಳಿಚಿತು. ಚರಂಡಿಯ ಹತ್ತಿರ ಓಡಿ, ತಿಂದದ್ದನ್ನೆಲ್ಲ ಕಾರಿಕೊಂಡ. "ಅಯ್ಯೋ, ನನ್ನ ಮಗಳು! ನನ್ನ ಬಂಗಾರ!" ಎಂದು ತಲೆ ತಲೆ ಚಚ್ಚಿಕೊಂಡು ಅತ್ತ. ಅತ್ತಿಗೆಗೆ ಪಾಪುವನ್ನು ನೆನೆದು ಕರುಳು ಕಿತ್ತುಬಂತು. ಆದರೆ ಇವನ ಕಣ್ಣೀರು ಕಂಡು ಅಯ್ಯೋ ಎನಿಸಲಿಲ್ಲ. ಒಂದು ಗಳಿಗೆಯ ಹಿಂದೆ ಇದೇ ಬಾಯಿ ತಾನೇ "ಯಾರದೋ ಮಕ್ಕಳು" ಅಂದದ್ದು?

"ಅತ್ತಿದ್ದು ಸಾಕು. ಮೊದಲು ಪಾಪೂನ ಎತ್ಕೊಂಡು ಡಾಕ್ಟರ ಹತ್ರ ಓಡು. ನಡೆದದ್ದನ್ನ ನಡೆದ ಹಾಗೇ ಹೇಳು."

ಅವನು ಬಾಯಿ ಒರೆಸಿಕೊಂಡು ಓಡಿದ. ಮಗುವನ್ನು ಎದೆಗವಚಿಕೊಂಡು ಹೊರಬಂದವನು ಬಾಗಿಲಲ್ಲಿ ಒಮ್ಮೆ ನಿಂತ.

"ಅತ್ತಿಗೆ, ನಾನು ಬರೋದು ತಡ ಆಗಬಹುದು. ಗಾಡಿ ಬಂದ್ರೆ ಹಂಡೆಗಳನ್ನ ನೀವೇ ಹತ್ತಿಸಿಬಿಡಿ."

ಅವಳು ಬಾಗಿಲಿಗೆ ಚಿಲಕ ಜಡಿದು, ಒಲೆಗೆ ಬುಟ್ಟಿ ತುಂಬ ಇದ್ದಿಲು ಸುರಿದಳು. ಮೊದಲನೆಯ ಹಂಡೆಯನ್ನು ಉರುಳಿಸಿಕೊಂಡು ಬಂದು, ಒಳಗಿನ ಕಲಾಯಿಯೆಲ್ಲ ಕರಗಿ ಇಳಿಯಲೆಂದು ಬೆಂಕಿಯ ಮೇಲೆ ಬೋರಲು ಹಾಕಿದಳು.